ಏಳನೇ ನಂಬರಿನ ಡಬ್ಬಿಯ ಚೀನೀಯರು

೧೯೩೬ರ ಮಾರ್ಚ್ ಅಂತ್ಯಕ್ಕೆ, ಲಾಸ್ ಏಂಜಲೀಸಿನ ಚೀನೀ ಮೂಲದ ನಟಿ ಡೋರಾ ಮೋಕ್ ಹನ್ನೊಂದು ಚಿತ್ರಗಳಲ್ಲಿ ತೃಪ್ತಿಕರವಾಗಿ ಸತ್ತಿದ್ದಳು. ಹೆಚ್ಚಿನ ಸಲ ವಿಷ, ಮೂರು ಸಲ ಮಾತ್ರ ಬಿಳಿಯ ನಾಯಕನಿಗೆ ತಗಲಬೇಕಾದ ಗುಂಡು. ಮಗಳು ಸಾಯುವುದನ್ನು ಟಿಕೆಟ್ ಕೊಂಡು ನೋಡುವುದು ಅಪಶಕುನವೆಂದು ತಾಯಿ ಒಂದನ್ನೂ ನೋಡಿರಲಿಲ್ಲ.

ಹನ್ನೆರಡನೆಯದರಲ್ಲಿ ಅವಳಿಗೆ ಮದುವೆಯಿತ್ತು.

"ಅಮ್ಮಾ, ಈ ಸಲ ಸಾಯಲ್ಲ. ಮದ್ವೆ, ಮುತ್ತು ಎಲ್ಲಾ ಇದೆ. ಬರ್ತೀಯಾ?"

"ಕೊನೇವರೆಗೂ ಬದುಕಿರ್ತೀಯ ಅಂದ್ರೆ ಬರ್ತೀನಿ ಕಣೇ," ಎಂದಳು ತಾಯಿ, ಬಾತುಕೋಳಿಯ ಗರಿ ಕೀಳುತ್ತ.

ವರ ಚೀನಾದ ರಾಜಕುಮಾರ. ಚೀನೀ ನಟರಿಗೆ ಅಡುಗೆಯವರಾಗಿ ಮಾತ್ರ ಅನುಭವವಿದ್ದುದರಿಂದ ಆ ಪಾತ್ರ ಅಯೋವಾದ ಬಿಳಿಯ ನಟ ರೋಡ್ನಿ ವೇಲ್‌ಗೆ ಹೋಗಿತ್ತು. ಕಣ್ಣಂಚಿಗೆ ಅಂಟುಪಟ್ಟಿ, ಮುಖಕ್ಕೆ ಏಳನೇ ನಂಬರಿನ ಡಬ್ಬಿಯ ಹಳದಿ ಬಣ್ಣ. ಅವನ ಪಕ್ಕ ನಿಂತರೆ ಡೋರಾ ಚೀನೀಯಳಂತೆ ಕಾಣುವುದಿಲ್ಲವೆಂದು ಅವಳಿಗೂ ಅದನ್ನೇ ಬಳಿದರು.

ಮುತ್ತಿನ ಕಡತ, ದೃಶ್ಯಗಳಿಗೆ ಒಪ್ಪಿಗೆ ಕೊಡುವ ಚಿತ್ರನೀತಿ ಕಚೇರಿಗೆ ಹೋಗಿ, ಹೀಗೆ ಹಿಂದಿರುಗಿತು: "ಭಿನ್ನ ವರ್ಣದವರ ಪ್ರಣಯವು ನಿಷಿದ್ಧವಾದ ಪ್ರಯುಕ್ತ ಸದರಿ ಮುತ್ತನ್ನು ತಿರಸ್ಕರಿಸಲಾಗಿದೆ."

ಡೋರಾ ಸಿಟ್ಟಿನಿಂದ ಕಚೇರಿಗೇ ಹೋದಳು.

"ಸಾರ್, ಕಥೇಲಿ ಇಬ್ರೂ ಚೀನೀಯರೇ ಅಲ್ವಾ?"

"ಕಥೇಲಿ ಹೌದಮ್ಮ. ಆದ್ರೆ ವೇಲ್ ಅವರ ತುಟಿ ಅಯೋವಾದ್ದು," ಎಂದರು ಅಧಿಕಾರಿ ಹಾಸ್ಕಿನ್ಸ್.

"ಮತ್ತೆ ಮುಖ?"

"ಮುಖ ಶೂಟಿಂಗ್ ಮುಗಿಯೋ ಸಂಜೆ ಆರರ ತನಕ ಚೀನಾದ್ದು. ಬಣ್ಣ ಬಳಿದಷ್ಟು ಜಾಗವನ್ನ ಕಚೇರಿ ಮಾನ್ಯ ಮಾಡಿದೆ."

"ಹಾಗಾದ್ರೆ ತುಟಿಗೂ ಬಳೀರಿ!"

"ಮುತ್ತಿನ ಮಧ್ಯದಲ್ಲಿ ಅಳಿಸಿಹೋದ್ರೆ ಯಾರಮ್ಮ ಹೊಣೆ?"

ಕಚೇರಿಯ ಬಳಿ ತಿದ್ದುಪಡಿ ಸಿದ್ಧವಿತ್ತು. ಅದರಂತೆ ವಧುವಿನ ಪಾತ್ರ ಮಿನ್ನೆಸೋಟಾದ ಬಿಳಿಯ ನಟಿ ಗ್ವೆಂಡಲಿನ್ ಹಾರ್ಟ್‌ಗೆ, ಅದೇ ಡಬ್ಬಿಯ ಬಣ್ಣದಲ್ಲಿ, ಹಸ್ತಾಂತರವಾಯಿತು. ಡೋರಾ ವಧುವಿನ ತಂಗಿಯಾಗಿ ಒಂಬತ್ತನೇ ನಿಮಿಷಕ್ಕೆ ಸಾಯತಕ್ಕದ್ದು. ಬಿಡುವಿನಲ್ಲಿ ವಧುವಿಗೆ ಚೀನೀಯರಂತೆ ತಲೆ ತಗ್ಗಿಸುವುದನ್ನು ಕಲಿಸತಕ್ಕದ್ದು. ಈ ಊರಲ್ಲೇ ಹುಟ್ಟಿ ಬೆಳೆದ ಡೋರಾ ಅದನ್ನು ನಿರ್ದೇಶಕರಿಂದ ಕಲಿತಿದ್ದಳು.

ವಿಷಯವನ್ನು ತಾಯಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಚಿತ್ರ ತೆರೆಗೆ ಬಂದ ದಿನ ತಾಯಿ ರೇಷ್ಮೆಯ ಹೊಸ ಅಂಗಿ ತೊಟ್ಟು ಚಿತ್ರಮಂದಿರಕ್ಕೆ ಬಂದಳು. ಒಂಬತ್ತನೇ ನಿಮಿಷಕ್ಕೆ ಗುಂಡು ಹಾರಿತು, ತಾಯಿ ಕಣ್ಣು ಮುಚ್ಚಿಕೊಂಡಳು. ಕೊನೆಗೆ ರಾಜಕುಮಾರ ವಧುವಿಗೆ ಮುತ್ತಿಟ್ಟಾಗ ಇಡೀ ಮಂದಿರ ಚಪ್ಪಾಳೆ ತಟ್ಟಿತು.

ಹೊರಗೆ ಬಂದು ಡೋರಾ ಅತ್ತೇಬಿಟ್ಟಳು. "ತಪ್ಪಾಯ್ತಮ್ಮ."

"ಅಳಬೇಡ, ಬಿಡೇ," ಎಂದಳು ತಾಯಿ, ತನ್ನ ಕಣ್ಣೂ ಒರೆಸಿಕೊಳ್ಳುತ್ತ. "ನೀನು ಬೇಗ ಹೋಗಿದ್ದಕ್ಕೆ ಮದ್ವೆ ನೆಮ್ಮದಿಯಾಗಿ ನೋಡ್ದೆ. ಆ ಹುಡುಗಿ ಎಷ್ಟು ಲಕ್ಷಣವಾಗಿದ್ದಾಳೆ! ನಮ್ಮೋಳು ಅಂದ್ರೆ ಹಾಗಿರಬೇಕು. ಅವಳನ್ನ ನೋಡಿ ಸ್ವಲ್ಪ ಕಲ್ತ್ಕೋ."