ದನಿ ಹೋದ ಭಾನುವಾರ

ಭಾನುವಾರ ಬೆಳಿಗ್ಗೆ ಪಾದ್ರಿಗಳು ಹೆಂಡತಿಯನ್ನು ಕೂಗಿದರೆ ಗಂಟಲಿನಿಂದ ಸೈಕಲ್ ಪಂಪಿನ ಸದ್ದು ಬಂತು. ವಾರವಿಡೀ ಖಾಲಿ ಬೆಂಚುಗಳ ಮುಂದೆ ಪ್ರಸಂಗ ಒದರಿ ಒದರಿ ಅಭ್ಯಾಸ ಮಾಡಿದ್ದರ ಫಲ.

"ಇವತ್ತೇ ಆಗ್ಬೇಕಿತ್ತಾ!" ಹೆಂಡತಿ ತಲೆಯ ಮೇಲೆ ಕೈ ಹೊತ್ತಳು.

ಅಂದು ಬಿಷಪ್ಪರು ಬರುವವರಿದ್ದರು. ಇಪ್ಪತ್ತೇ ಜನರ ಈ ಸಭೆಯನ್ನು ಉಳಿಸಬೇಕೋ, ಬಾಗಿಲು ಮುಚ್ಚಿ ದೊಡ್ಡ ಚರ್ಚಿಗೆ ಸೇರಿಸಬೇಕೋ ಎಂದು ತೀರ್ಮಾನಿಸಲು. ಗಂಟೆ ಹೊಡೆಯುವುದರಿಂದ ಹಿಡಿದು ಸೋರುವ ನಲ್ಲಿ ಬಿಗಿಯುವವರೆಗೆ ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದ ಪಾದ್ರಿಗಳಿಗೆ ಆ ಇಪ್ಪತ್ತು ಜನವೇ ಮನೆಮಂದಿ.

ಸುದ್ದಿ ಕೇಳಿ ಸಭೆಯವನೇ ಆದ ಟೈಲರ್ ಓಡಿಬಂದ. "ಅಯ್ಯನೋರೇ, ಬಾಯಿ ತೆಗೀರಿ," ಎಂದು ಕಾಳುಮೆಣಸಿನ ಪುಡಿ ಸುರಿದ. ಪಾದ್ರಿಗಳ ಕಣ್ಣಲ್ಲಿ ನೀರು ಬಂತು, ದನಿ ಬರಲಿಲ್ಲ. ಅಷ್ಟರಲ್ಲಿ, ಗಂಟಲಿನ ಜೋರಿಗೇ ಜೋರಮ್ಮ ಎನಿಸಿಕೊಂಡ ಮುದುಕಿ ಬಿಸಿ ಉಪ್ಪುನೀರು ತಂದು, "ಮುಕ್ಕಳಿಸಪ್ಪಾ, ನುಂಗಬೇಡ!" ಎಂದು ಕಿವಿಯಲ್ಲೇ ಕಿರುಚಿದಳು. ಬೆಚ್ಚಿಬಿದ್ದ ಪಾದ್ರಿಗಳು ನುಂಗಿಯೇಬಿಟ್ಟರು. ಉಳಿದಿದ್ದ ಪಂಪಿನ ಸದ್ದೂ ಹೋಯಿತು.

ಆರಾಧನೆ ಶುರುವಾಯಿತು. ಪಾದ್ರಿಗಳು ವೇದಿಕೆಯ ಮೇಲೆ ದಡಕ್ಕೆ ಬಿದ್ದ ಮೀನಿನಂತೆ ಬಾಯಾಡಿಸಿದರು. ಮುಂದಿನ ಸಾಲಿನಲ್ಲಿದ್ದ ಬಿಷಪ್ಪರು ಹುಬ್ಬೇರಿಸಿದರು.

ನೋಡಲಾರದೆ ಟೈಲರ್ ಎದ್ದು ಬೈಬಲ್ ಓದಿದ. ಜೋರಮ್ಮ, ದೇವರಿಗೆ ಕಿವಿ ಮಂದವೇನೋ ಎಂಬಂತೆ ಪ್ರಾರ್ಥಿಸಿದಳು. ಎಂದೂ ತುಟಿ ಬಿಚ್ಚದ ಬಸ್ ಡ್ರೈವರ್ ಎದ್ದು, "ನನ್ನ ಹೆಂಡ್ತಿ ಆಸ್ಪತ್ರೇಲಿದ್ದಾಗ ದಿನಾ ಊಟ ತಂದುಕೊಟ್ಟೋರು ನಮ್ಮ ಅಯ್ಯನೋರು. ಇವತ್ತು ಅವರ ಬದಲು ನಾನೇ ನಾಲ್ಕು ಮಾತಾಡ್ತೀನಿ," ಎಂದು ಶುರುಮಾಡಿ ಎಲ್ಲರನ್ನೂ ಅಳಿಸಿದ. ಪಾದ್ರಿಗಳಿಗೂ ಕಣ್ಣು ತುಂಬಿತು; ಈ ಸಲ ಮೆಣಸಿನಿಂದಲ್ಲ.

ಬಿಷಪ್ಪರು ಎದ್ದು ನಿಂತರು. "ಇಂಥ ಸಭೆ ನಾನು ಎಲ್ಲೂ ನೋಡಿಲ್ಲ. ಇದನ್ನ ಮುಚ್ಚೋ ಮಾತೇ ಇಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಪಾದ್ರಿಗಳು ಟೈಲರನನ್ನು ಬಾಚಿ ತಬ್ಬಿಕೊಂಡರು.

"ಅಲ್ಲಾ, ಪಾದ್ರಿ ಬಾಯಿ ಬಿಡದೇನೇ ಇಷ್ಟು ಚೆನ್ನಾಗಿ ನಡೀತದೆ ಅಂದ್ಮೇಲೆ, ಇವರನ್ನ ಇಲ್ಲೇ ಇಟ್ಕೊಂಡು ಏನ್ಮಾಡೋದು?" ಬಿಷಪ್ಪರು ಮುಂದುವರಿಸಿದರು. "ಮುಂದಿನ ತಿಂಗಳಿಂದ ಇವರಿಗೆ ಬೇರೆ ಸಭೆ. ಅಲ್ಲಿರೋದೇ ಆರು ಜನ. ಒಬ್ಬರ ಮುಖ ಕಂಡ್ರೆ ಒಬ್ಬರಿಗೆ ಆಗಲ್ಲ. ಏನಂತೀರಿ, ಪಾಸ್ಟರ್?"

ಜೋರಮ್ಮನಿಗೇ ದನಿ ಹೊರಡಲಿಲ್ಲ. ಪಾದ್ರಿಗಳು "ಬೇಡ" ಎನ್ನಲು ಬಾಯಿ ತೆರೆದರು, ಗಾಳಿಯಷ್ಟೇ ಬಂತು. ಗಾಬರಿಯಿಂದ ಎರಡೂ ಕೈ ಎತ್ತಿ ಜೋರಾಗಿ ಆಡಿಸಿದರು.

"ನೋಡಿ, ನೋಡಿ," ಬಿಷಪ್ಪರು ಖುಷಿಯಿಂದ ಸಭೆಯ ಕಡೆ ತಿರುಗಿದರು, "ಆಗಲೇ ನಿಮಗೆಲ್ಲ ಟಾಟಾ ಮಾಡ್ತಿದಾರೆ!"