ನಾಲ್ಕು ಸಲ ಬಿಚ್ಚಿ ಹೊಲಿದ ಟೊಪ್ಪಿಗೆ

ದರ್ಜಿಯ ಪಾಡು ಶುರುವಾದದ್ದು ಹೆಂಡತಿ ಚಪ್ಪಲಿ ಮೆಟ್ಟುತ್ತಾ ಆಡಿದ ಮಾತಿನಿಂದ. ಹೆರಿಗೆ ರಜೆ ಮುಗಿಸಿ ಅವಳು ಕೆಲಸಕ್ಕೆ ಹೊರಟ ಮೊದಲ ದಿನ ಅದು.

"ಬಿಸಿಲೇರೋಕೆ ಮುಂಚೆ ಪುಟ್ಟಿಗೆ ಚುಚ್ಚುಮದ್ದು ಹಾಕಿಸ್ಕೊಂಡು ಬಂದ್ಬಿಡಿ. ಐದು ತಿಂಗಳ ಚರ್ಮ, ಕ್ರೀಮು ಗೀಮು ಹಚ್ಚಬೇಡಿ ಅಂದಿದಾರೆ ಡಾಕ್ಟರು. ನೆರಳು, ತೆಳು ಬಟ್ಟೆ, ಟೊಪ್ಪಿಗೆ, ಅಷ್ಟೆ. ಸಂಜೆ ಎಲ್ಲಾದ್ರೂ ಕೆಂಪು ಕಂಡ್ರೆ ನಾಳೆಯಿಂದ ಅಕ್ಕನ ಮನೇಲಿ ಬಿಡ್ತೀನಿ."

ಅಕ್ಕನ ಮನೆ ಊರಿನ ಇನ್ನೊಂದು ತುದಿ. ಅಲ್ಲಿಗೆ ಬಿಟ್ಟರೆ ಮಗು ದರ್ಜಿಗೆ ಸಿಗುವುದು ನಿದ್ದೆಯಲ್ಲಿದ್ದಾಗ ಮಾತ್ರ.

ಎಂಟಕ್ಕೆ ಸರಿಯಾಗಿ, ತಾನೇ ಹೊಲಿದ ಬಿಳಿ ಟೊಪ್ಪಿಗೆ ತೊಡಿಸಿ ಮಗುವನ್ನೆತ್ತಿಕೊಂಡು ಹೊರಟ. ಬಾಗಿಲಲ್ಲೇ ಎದುರುಮನೆಯ ಕಂಡಕ್ಟರನ ಹೆಂಡತಿ ಸಿಕ್ಕಳು.

"ಅಯ್ಯೋ ಟೈಲರಣ್ಣ, ಕಿವಿ ಪೂರ್ತಿ ಹೊರಗಿದೆಯಲ್ಲ! ಮೊದಲು ಸುಡೋದೇ ಕಿವಿ."

ಗಿರಾಕಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಿಚ್ಚಿ ಹೊಲಿದುಕೊಡುವುದು ದರ್ಜಿಗೆ ಹದಿನೈದು ವರ್ಷದ ಅಭ್ಯಾಸ. ಒಳಗೆ ಹೋಗಿ ಅಂಚು ಬಿಚ್ಚಿದ, ಎರಡು ಕಿವಿಪಟ್ಟಿ ಸೇರಿಸಿದ. ಮುಗಿಯುವಷ್ಟರಲ್ಲಿ ಮಗುವಿಗೆ ಹಸಿವಾಯಿತು. ಬಾಟಲಿ ಹಿಡಿದು ಕೂತ.

ಎರಡನೇ ಸಲ ಹೊರಟಾಗ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿದರು.

"ಕಿವಿ ಸರಿ, ಕುತ್ತಿಗೆ? ಸೂರ್ಯ ಎದುರಿಗೆ ಮಾತ್ರ ಬರ್ತಾನೇನಯ್ಯ?"

"ಇಲ್ಲ ಸಾರ್," ಎಂದು ತಪ್ಪೊಪ್ಪಿಕೊಂಡವನಂತೆ ಹಿಂದಿರುಗಿದ. ಟೊಪ್ಪಿಗೆಯ ಹಿಂದಕ್ಕೆ ಕುತ್ತಿಗೆ ಮುಚ್ಚುವ ಜೋಲುಪಟ್ಟಿ ಬಂತು.

ಮೂರನೇ ಸಲ ತಡೆದವಳು ಮೂಲೆಯ ಇಸ್ತ್ರಿ ಅಂಗಡಿಯವಳು. "ಮೂಗಿಗೇನು ಗತಿ? ಮುಂದಕ್ಕೆ ಆರಿಂಚು ಚಾಚು." ಅಂಚು ಚಾಚಿ ಹೊಲಿದುಕೊಂಡು ಬಂದಾಗ ಮೇಷ್ಟ್ರು ಕೆಳಗೇ ಕಾದಿದ್ದರು. "ಗಾಳಿ ಎಲ್ಲಿ ಆಡ್ಬೇಕು? ಮಗೂನ ಬೇಯಿಸ್ತೀಯಾ?"

"ಹೊಲಿಯೋನು ಅವನು, ನಿಮ್ಮದೇನು ನಡುವೆ?" ಎಂದಳು ನೋಡಲು ಬಂದಿದ್ದ ಇಸ್ತ್ರಿಯವಳು.

"ನಿಂದೇನಮ್ಮ? ಮಗು ಏನು ಷರ್ಟಾ?"

"ಜಗಳ ಬೇಡಿ, ಇಬ್ಬರದ್ದೂ ಹಾಕ್ತೀನಿ," ಎಂದು ದರ್ಜಿ ಕೈಮುಗಿದ. ಗಾಳಿಗೆಂದು ನೆತ್ತಿಯ ಮೇಲೆ ಬಲೆಬಟ್ಟೆಯ ಕಿಟಕಿ, ಕಿಟಕಿಯ ಮೇಲೊಂದು ಪುಟ್ಟ ಸೂರು ಕೂರಿಸಿದ.

ತಲೆಯೆತ್ತಿದರೆ ಗಡಿಯಾರದಲ್ಲಿ ಹನ್ನೊಂದೂವರೆ! ಯಾವ ಬಿಸಿಲನ್ನು ತಪ್ಪಿಸಬೇಕಿತ್ತೋ ಅದು ಬೀದಿಯ ತುಂಬ ಬಾಣಲೆಯ ಎಣ್ಣೆಯಂತೆ ಕಾದು ನಿಂತಿತ್ತು. ಚುಚ್ಚುಮದ್ದು ಹನ್ನೆರಡೂವರೆಯವರೆಗೆ ಮಾತ್ರ. ಹೋಗದಿದ್ದರೂ ತಪ್ಪು, ಹೋದರೂ ತಪ್ಪು.

ಹೋದ. ಟೊಪ್ಪಿಗೆ ಈಗ ಮದುವೆ ಚಪ್ಪರದಷ್ಟಿತ್ತು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಜೋಲಾಡುವ ಅಂಚು. ಬಿಸಿಲಿಗೆ ತನ್ನ ಮೈಯನ್ನೇ ಅಡ್ಡ ಕೊಟ್ಟು ಏಡಿಯಂತೆ ಪಕ್ಕಪಕ್ಕಕ್ಕೆ ನಡೆದ. ಆಸ್ಪತ್ರೆಯ ಸಾಲು ಅಂಗಳದವರೆಗೆ ಬಂದಿತ್ತು. ಮುಕ್ಕಾಲು ಗಂಟೆ ಮಗುವಿನ ಮೇಲೆ ಬಾಗಿ ಗೋಡೆಯಂತೆ ನಿಂತ. ಮುಖ ಉರಿಯುತ್ತಿತ್ತು. ಹೆದರಿಕೆಗಿರಬೇಕು ಎಂದುಕೊಂಡ.

ನರ್ಸಮ್ಮ ಚಪ್ಪರ ಎತ್ತಿ ನೋಡಿದರು. ಒಳಗೆ ಪುಟ್ಟಿ ತಣ್ಣಗೆ ನಗುತ್ತಿದ್ದಳು. ಸೂಜಿ ಚುಚ್ಚಿದಾಗ ಮಾತ್ರ ಕಿರುಚಿದಳು.

"ಚುಚ್ಚಿದ ಜಾಗ ಸ್ವಲ್ಪ ಕೆಂಪಾಗುತ್ತೆ."

"ಕೆಂಪಾ!" ದರ್ಜಿಯ ಜೀವ ಬಾಯಿಗೆ ಬಂತು. "ಕೆಂಪಾಗದೇ ಇರೋದು ಇಲ್ವಾ ಮೇಡಂ? ಹೋಗ್ಲಿ, ಇದು ಬಿಸಿಲಿಂದಲ್ಲ ಅಂತ ಬರೆದು ಸಹಿ ಹಾಕಿಕೊಡಿ."

ಸಂಜೆ ಹೆಂಡತಿ ಕೈಕಾಲು ತೊಳೆದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿ, ಕುತ್ತಿಗೆ, ಮೂಗು, ಬೆರಳ ಸಂದಿ ಎಲ್ಲ ತಿರುಗಿಸಿ ನೋಡಿದಳು. ತೊಡೆಯ ಕೆಂಪಿಗೆ ದರ್ಜಿ ಹಿಂದಿನಿಂದಲೇ ನರ್ಸಮ್ಮನ ಚೀಟಿ ಚಾಚಿದ.

"ಪರವಾಗಿಲ್ಲ ಕಣ್ರೀ. ಬೆಣ್ಣೆ ಹಾಗಿದಾಳೆ."

ದರ್ಜಿ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ. ಪುಟ್ಟಿ ಇನ್ನು ತನ್ನ ಹತ್ತಿರವೇ!

ಹೆಂಡತಿ ಆಗ ತಲೆಯೆತ್ತಿದಳು. ಗಂಡನ ಮುಖ ಭಟ್ಟಿಯಿಂದ ಆಗತಾನೆ ತೆಗೆದ ಇಟ್ಟಿಗೆಯಾಗಿತ್ತು. ಮೂಗು ಊದಿತ್ತು. ಕಿವಿಯ ಮೇಲೆ ಬೊಬ್ಬೆ ಎದ್ದಿತ್ತು. ಅವಳು ಫೋನ್ ಎತ್ತಿಕೊಂಡಳು.

"ಅಕ್ಕಾ, ನಾಳೆಯಿಂದ ಒಂದಲ್ಲ, ಎರಡು ಮಕ್ಕಳನ್ನ ಬಿಡ್ತೀನಿ. ಚಿಕ್ಕದರ ಚಿಂತೆ ಇಲ್ಲ, ದೊಡ್ಡದನ್ನ ಮಾತ್ರ ಬಿಸಿಲಿಗೆ ಬಿಡಬೇಡ."