ಚಿಗವ್ವನ ಸ್ಕ್ರೂ ರಂಗೋಲಿ

ನಮ್ಮ ಚಿಗವ್ವನ ಮನೆಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೈಗಡಿಯಾರ ಬಿಚ್ಚಿಟ್ಟು ಕೈಕಾಲು ತೊಳೆಯಲು ಹೋಗಬೇಡಿ! ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಅದರ ಮುಳ್ಳು ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ ಬಿದ್ದಿರುತ್ತದೆ. ಕೇಳಿದರೆ, “ಕೆಟ್ಟಿಲ್ಲವ್ವ, ಒಳಗ ಹ್ಯಾಂಗದ ಅಂತ ನೋಡಾಕತ್ತೀನಿ,” ಎನ್ನುತ್ತಾಳೆ. ಈಚೆಗೆ ನನ್ನ ನೌಕರಿಯನ್ನೂ ಹೀಗೆಯೇ ಬಿಚ್ಚಿ ನೋಡಿದಳು. ಆ ಮಾತು ಆಮೇಲೆ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಲ್ಲಿ ಮನೆ. ಓದಿದ್ದು ಏಳನೆಯ ತರಗತಿ, ವಯಸ್ಸು ಅರವತ್ತರ ಹತ್ತಿರ. ರೇಡಿಯೋ, ಟೇಪ್‌ರೆಕಾರ್ಡರ್, ಟಿವಿ ಎಲ್ಲ ದಾಟಿ ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಮದುವೆಗೆ ಮುಂಚೆ ನಮ್ಮ ಮನೆಯಲ್ಲಿದ್ದಾಗ ಅಪ್ಪನ ರೇಡಿಯೋ ಬಿಚ್ಚಿ ಗುಡ್ಡೆ ಹಾಕಿದಳಂತೆ. ಅಂದು ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ ಎಂದು ಮನೆಯವರೆಲ್ಲ ನಗುತ್ತಾರೆ.

ಅವಳ ಕೆಲಸದ ರೀತಿಯೇ ಬೇರೆ. ಯಾವುದನ್ನು ಬಿಚ್ಚುವ ಮೊದಲೂ ಪಡಸಾಲೆಯ ಫರಸಿಯ ಮೇಲೆ ಅದರ ಚಿತ್ರವನ್ನು ರಂಗೋಲಿಯಲ್ಲಿ ಬಿಡಿಸುತ್ತಾಳೆ. ಯಾವ ಸ್ಕ್ರೂ ಎಲ್ಲಿಂದ ಬಂತೋ ಅದೇ ಚುಕ್ಕಿಯ ಮೇಲೆ ಇಡುತ್ತಾಳೆ. ಒಮ್ಮೆ ಮಿಕ್ಸರ್ ಬಿಚ್ಚಿಟ್ಟಿದ್ದಾಗ ಪಕ್ಕದ ಮನೆಯಾಕೆ ಬಂದವಳು, ‘ಪಾಪ, ನಿನ್ನೆಯ ರಂಗೋಲಿ ಹಾಗೇ ಉಳಿದಿದೆ’ ಎಂದು ಕಸಬರಿಗೆ ಹಿಡಿದು ಗುಡಿಸಿಯೇ ಬಿಟ್ಟಳು! ಮಿಕ್ಸರ್ ಜೋಡಿಸಿದ ಮೇಲೆ ಮೂರು ಸ್ಕ್ರೂ ಉಳಿದವು. “ಕಂಪನಿಯವ್ರು ಹೆಚ್ಚಿಗಿ ಹಾಕಿದ್ರು ಬಿಡು,” ಎಂದಳು ಚಿಗವ್ವ. ಆ ಮಿಕ್ಸರ್ ಇಂದಿಗೂ ತಿರುಗುತ್ತದೆ. ಮೈಮೇಲೆ ದೇವರು ಬಂದಂತೆ ತಿರುಗುತ್ತದೆ, ಅಷ್ಟೇ.

ಶಹಾಪುರದ ಮದುವೆಯ ಕಥೆ ಕೇಳಿ. ಇನ್ನೇನು ಅಕ್ಷತೆ ಬೀಳಬೇಕು, ಸ್ಪೀಕರ್ ಕೈಕೊಟ್ಟಿತು. ನೋಡಿದರೆ ಅಕ್ಷತೆಯ ತಟ್ಟೆಯೂ ಇಲ್ಲ, ಚಿಗವ್ವನೂ ಇಲ್ಲ! ಹಂದರದ ಹಿಂದೆ ರೇಷ್ಮೆ ಸೀರೆ ಎತ್ತಿಕಟ್ಟಿ ಕೂತಿದ್ದಳು. ರಂಗೋಲಿ ಸಿಗದೆ ಅಕ್ಷತೆಯಲ್ಲೇ ಚಿತ್ರ ಬಿಡಿಸಿದ್ದಳು. ಅಯ್ಯನವರು ಬಗ್ಗಿ ಒಂದು ಹಿಡಿ ತೆಗೆದುಕೊಳ್ಳಲು ಹೋದರೆ ಚೀರಿದಳು: “ಮುಟ್ಟಬ್ಯಾಡ್ರಿ ಅಯ್ಯನವರ, ಅದು ಸ್ಪೀಕರ್ ಅದ್ರಿ!”

ಈಗ ನನ್ನ ವಿಷಯ. ನಾನು ಯಾದಗಿರಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಶಿಕ್ಷಕಿ. ಹದಿನೈದು ವರ್ಷ ಅವೇ ಪಾಠ ಮಾಡಿಕೊಂಡು ಹಾಯಾಗಿದ್ದೆ. ಈ ವರ್ಷ ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು ಬಂತು. ಅದರ ತಂತಿಯನ್ನು ಕುಂಡಕ್ಕೆ ಚುಚ್ಚಿಟ್ಟರೆ, ಮಣ್ಣು ಒಣಗಿದಾಗ ದೀಪ ಹತ್ತಬೇಕು. ಅದಕ್ಕೆ ಕೋಡ್ ಬರೆಯುವುದನ್ನು ಮಕ್ಕಳಿಗೆ ಕಲಿಸಬೇಕಂತೆ! ಮೂರು ವಾರ ಪುಸ್ತಕದ ಜೊತೆ ಗುದ್ದಾಡಿ ಸೋತು ರಾಜೀನಾಮೆ ಬರೆದಿಟ್ಟೆ. ಫೋನಿನಲ್ಲಿ ಚಿಗವ್ವನಿಗೆ ಹೇಳಿದ್ದೇ ತಪ್ಪಾಯಿತು. ಮರುದಿನ ಮೊದಲ ಬಸ್ಸಿಗೆ ರಂಗೋಲಿ ಡಬ್ಬಿಯೊಂದಿಗೆ ಬಂದಿಳಿದಳು.

“ತಗಿ ಆ ಬೋರ್ಡ್.”

“ಚಿಗವ್ವ, ನಂಗ ನಲವತ್ತಾರು ಆತು. ಇನ್ನ ಏನ್ ಕಲೀಲಿ?”

“ನಾ ಮೊಬೈಲ್ ಕಲ್ತಾಗ ನನ್ನ ಎರಡು ಹಲ್ಲು ಬಿದ್ದಿದ್ದವು. ಹಲ್ಲಿನಿಂದ ಕಲೀತಾರೇನು? ಕೋಡ್ ಅಂದ್ರ ಏನು ಹೇಳು.”

“ಬೋರ್ಡಿಗೆ ಹೇಳೂ ಮಾತು.”

“ಅದಕ್ಕ ಸ್ಕ್ರೂ ಇರಂಗಿಲ್ಲೇನು?”

ಇಲ್ಲ ಎಂದಾಗ ಅವಳ ಮುಖ ಬಾಡಿದ್ದು ಒಂದೇ ಕ್ಷಣ. ಕೂಡಲೇ ನೆಲದ ಮೇಲೆ ಚುಕ್ಕಿ ಇಟ್ಟು ಎರಡು ಗೆರೆ ಎಳೆದಳು. “ಮಣ್ಣು ಒಣಗಿದ್ರ ಈ ಕಡಿ, ಹಸಿ ಇದ್ರ ಆ ಕಡಿ. ಮುಂದ?” ಅವಳು ಕೇಳುತ್ತಾ ಹೋದಳು, ನಾನು ಹೇಳುತ್ತಾ ಹೋದೆ. ಹೇಳುತ್ತಾ ಹೇಳುತ್ತಾ ನನಗೇ ತಿಳಿಯತೊಡಗಿತು! ಮಧ್ಯಾಹ್ನದ ಹೊತ್ತಿಗೆ ದೀಪ ಹತ್ತಿತು. ಆದರೆ ಹತ್ತಿದ್ದು ಆಗತಾನೇ ನೀರು ಹಾಕಿದ್ದ ಕರಿಬೇವಿನ ಕುಂಡದಲ್ಲಿ.

“ನೋಡಿದ್ಯಾ? ನನ್ನಿಂದ ಆಗಂಗಿಲ್ಲ,” ಎಂದೆ.

“ಹುಚ್ಚಿ! ಅದು ನಿನ್ನ ಮಾತು ಕೇಳಾಕತ್ತದ ಅಂತಾತಲ್ಲ! ಇನ್ನ ಸರಿಯಾದ ಮಾತು ಹೇಳು, ಅಷ್ಟೇ.”

ಎರಡು ಸಾಲು ಅದಲುಬದಲು ಮಾಡಿದೆ. ಒಣಮಣ್ಣಿನಲ್ಲಿ ದೀಪ ಹತ್ತಿತು, ನೀರು ಹಾಕಿದರೆ ಆರಿತು! ಚಿಗವ್ವ ಹಾಕಿದ ಕೇಕೆಗೆ ಅಕ್ಕಪಕ್ಕದವರು ಏನಾಯಿತೋ ಎಂದು ಓಡಿ ಬಂದರು. ನಾನು ರಾಜೀನಾಮೆ ಹರಿದು ಹಾಕಿದೆ.

ಚಹಾ ಕುಡಿಯುವಾಗ ಹೇಳಿದೆ: “ನಿನ್ನಂಗ ಹುಟ್ಟಿನಿಂದ ಹುಚ್ಚು ಇರಬೇಕು ಚಿಗವ್ವ. ಅಪ್ಪನ ರೇಡಿಯೋನೂ ಬಿಟ್ಟಾಕಿ ಅಲ್ಲ ನೀ.”

ಅವಳು ಬಟ್ಟಲು ಕೆಳಗಿಟ್ಟಳು. “ರೇಡಿಯೋ ಬಿಚ್ಚಿದಾಕಿ ನಾ ಅಲ್ಲವ್ವ. ನೀನು.”

“ನಾನಾ?”

“ಐದು ವರ್ಷದಾಕಿ ಇದ್ದಿ. ನಿಮ್ಮಪ್ಪ ಬಾರಕೋಲು ಹಿಡದು ಬಂದ. ನಾನೇ ಬಿಚ್ಚೀನಿ ಅಂದೆ. ಬಿಚ್ಚಿದಾಕಿನೇ ಕೂಡಿಸಬೇಕು ಅಂದ. ಅಲ್ಲೀತನಕ ನಾ ಒಂದು ಸ್ಕ್ರೂ ಮುಟ್ಟಿದಾಕಿ ಅಲ್ಲ. ಗೊತ್ತಿದ್ದದ್ದು ರಂಗೋಲಿ ಒಂದೇ. ಎಂಟು ದಿನ ಕೂತು ಕೂಡಿಸಿದೆ.”

ನಾನೂ ಬಟ್ಟಲು ಕೆಳಗಿಟ್ಟೆ. ಕೇಳಿದೆ: “ಅಂದ್ರ ಈ ಹುಚ್ಚು ನಂದಾ?”

“ನಿಂದೇ. ಇಷ್ಟು ವರ್ಷ ನಾ ಜ್ವಾಪಾನ ಮಾಡೀನಿ. ಈಗ ತಗೋ.”

ಕಣ್ಣು ತುಂಬಿ ಬಂತು. ಅವಳ ಕೈ ಹಿಡಿದುಕೊಂಡೆ. ಅವಳ ಕಣ್ಣು ಮಾತ್ರ ಆಗಲೇ ನನ್ನ ಕೈಗಡಿಯಾರದ ಮೇಲಿತ್ತು. ನಾನೇ ಅದನ್ನು ಬಿಚ್ಚಿ ಅವಳ ಮುಂದಿಟ್ಟು, ಡಬ್ಬಿ ತೆರೆದು ರಂಗೋಲಿ ಬಿಡಿಸತೊಡಗಿದೆ.